ಹಳೆಯ ಪದ್ಮಿನಿಗೆ ಅಗಲದ ಸ್ಟೀಲ್ ರಿಮ್: ಹುಡುಕುವುದು ಹೇಗೆ, ಕೂರಿಸುವುದು ಹೇಗೆ?

ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರಿಗೆಲ್ಲ ಒಂದಲ್ಲ ಒಂದು ದಿನ ಚಕ್ರದ ಚಿಂತೆ ಹತ್ತುತ್ತದೆ. ಬಾಡಿ ಕೆಲಸ ಮುಗಿದಿರುತ್ತದೆ, ಬಣ್ಣ ಹೊಳೆಯುತ್ತಿರುತ್ತದೆ, 1089 ಸಿಸಿ ಇಂಜಿನ್ ಒಂದೇ ಸದ್ದಿಗೆ ಚಾಲೂ ಆಗುತ್ತಿರುತ್ತದೆ. ಆದರೆ ಕೆಳಗೆ ನೋಡಿದರೆ ಸೈಕಲ್ಲಿಗೆ ಹಾಕಿದಂತಿರುವ ಕಿರಿದಾದ ಟೈರು. 5.20-14 ಅಳತೆಯ ಆ ಹಳೆಯ ಕ್ರಾಸ್‌ಪ್ಲೈ ಟೈರು ಈಗ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಸಿಕ್ಕಿದರೂ ಮಳೆಗಾಲದ ರಸ್ತೆಯಲ್ಲಿ ಅದರ ಹಿಡಿತ ಅಷ್ಟಕ್ಕಷ್ಟೆ. ರೇಡಿಯಲ್ ಹಾಕೋಣವೆಂದರೆ ಮೂಲ ರಿಮ್ಮು ಅದಕ್ಕೆ ಇಕ್ಕಟ್ಟು. ಹಾಗಾಗಿ ಸ್ವಲ್ಪ ಅಗಲದ ರಿಮ್ಮಿನ ಹುಡುಕಾಟ ಶುರುವಾಗುತ್ತದೆ.

ಅಲಾಯ್ ವೀಲ್ ಏಕೆ ಬೇಡ ಎಂದು ಕೇಳಬಹುದು. ಬೇಡವೆಂದೇನೂ ಇಲ್ಲ. ಆದರೆ ಹಳೆಯ ಕಾರಿನ ಮುಖಲಕ್ಷಣ ಉಳಿಯುವುದು ಕ್ರೋಮ್ ವೀಲ್ ಕ್ಯಾಪ್ ಹಾಕಿದ ಉಕ್ಕಿನ ಚಕ್ರದಲ್ಲಿ. ಗುಂಡಿಗೆ ಬಿದ್ದರೆ ಉಕ್ಕಿನ ರಿಮ್ಮು ಬಗ್ಗುತ್ತದೆ, ಅಲಾಯ್ ಬಿರುಕು ಬಿಡಬಹುದು. ಬಗ್ಗಿದ್ದನ್ನು ಪಂಕ್ಚರ್ ಅಂಗಡಿಯಲ್ಲೇ ತಕ್ಕಮಟ್ಟಿಗೆ ಸರಿಮಾಡಿಕೊಂಡು ಊರು ಸೇರಬಹುದು.

ಈ ಕೆಲಸಕ್ಕೆ ಹೊರಟವರು ಸಾಮಾನ್ಯವಾಗಿ ಮೊದಲು ಗುಜರಿಗೆ ಹೋಗುತ್ತಾರೆ, ಕಣ್ಣಿಗೆ ಚಂದ ಕಂಡದ್ದನ್ನು ತರುತ್ತಾರೆ, ಆಮೇಲೆ ಅಳತೆ ನೋಡುತ್ತಾರೆ. ಅದನ್ನು ತಿರುಗಿಸಬೇಕು. ಮೊದಲು ಅಳತೆ, ಆಮೇಲೆ ಗುಜರಿ. ಕಾಗದದ ಮೇಲೆ ಐದು ಸಂಖ್ಯೆ ಇದ್ದರೆ ಅಂಗಡಿಯವನು "ಕೂರುತ್ತೆ ಸಾರ್, ತಗೊಂಡ್ ಹೋಗಿ" ಎಂದಾಗ ನೀವೇ ಹೌದು, ಇಲ್ಲ ಹೇಳಬಹುದು. ಆ ಐದು ಸಂಖ್ಯೆಗಳು ಇವು: ರಿಮ್ಮಿನ ಅಗಲ, ಪಿಸಿಡಿ, ಮಧ್ಯದ ರಂಧ್ರ, ಆಫ್‌ಸೆಟ್, ಟೈರಿನ ಒಟ್ಟು ಎತ್ತರ.

ಇಲ್ಲಿ ಪದ್ಮಿನಿಯನ್ನು ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಅಂಬಾಸಿಡರ್, ಹೆರಾಲ್ಡ್, ಹಳೆಯ ಜೀಪು ಯಾವುದೇ ಇರಲಿ, ಅಳೆಯುವ ಕ್ರಮ ಒಂದೇ.

ಬೇಕಾಗುವ ಸಾಮಾನು

ವರ್ನಿಯರ್ ಕ್ಯಾಲಿಪರ್ (150 ಮಿಲಿಮೀಟರಿನದು ಸಾಕು), ಒಂದಡಿಯ ಉಕ್ಕಿನ ಸ್ಕೇಲು, ರಿಮ್ಮಿನ ಅಡ್ಡಕ್ಕೆ ಇಡುವಷ್ಟು ಉದ್ದದ ನೇರ ಪಟ್ಟಿ, ಟೇಪು, ಗಟ್ಟಿ ದಾರ, ಸೀಮೆಸುಣ್ಣ, ಸ್ವಲ್ಪ ಸೀಮೆಎಣ್ಣೆ, ತಂತಿ ಬ್ರಷ್, ವೀಲ್ ಸ್ಪ್ಯಾನರ್, ಜಾಕಿ, ಕಾರನ್ನು ಹೊತ್ತು ನಿಲ್ಲುವ ಸ್ಟ್ಯಾಂಡು. ಇದರ ಜೊತೆಗೆ ಅಡುಗೆಮನೆಯಿಂದ ಒಂದು ಮುಷ್ಟಿ ಕಲಸಿದ ಚಪಾತಿ ಹಿಟ್ಟು. ಏಕೆಂದು ಐದನೇ ಹಂತದಲ್ಲಿ ತಿಳಿಯುತ್ತದೆ.

ಬರಿಯ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಕೈ ಹಾಕಬೇಡಿ. ಸ್ಟ್ಯಾಂಡ್ ಇಟ್ಟು, ಎದುರು ಚಕ್ರಗಳಿಗೆ ಕಲ್ಲು ಕೊಟ್ಟ ಮೇಲೆಯೇ ಕೆಲಸ ಶುರು.

ಹಂತ 1: ಈಗ ಇರುವ ರಿಮ್ಮನ್ನು ಓದಿಕೊಳ್ಳಿ

ಚಕ್ರ ಬಿಚ್ಚಿ, ಒಳಮೈಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ. ಹೆಚ್ಚಿನ ರಿಮ್ಮುಗಳ ಮೇಲೆ "4ಜೆ × 14" ಅಥವಾ "4½ಜೆ × 13" ಎಂಬಂಥ ಮುದ್ರೆ ಇರುತ್ತದೆ. ಮೊದಲನೆಯದು ಇಂಚಿನಲ್ಲಿ ಅಗಲ, ಎರಡನೆಯದು ವ್ಯಾಸ. "ಜೆ" ಎಂಬುದು ರಿಮ್ಮಿನ ಅಂಚಿನ ಆಕಾರದ ಗುರುತು.

ಮುದ್ರೆ ತುಕ್ಕಿನಲ್ಲಿ ಮಾಯವಾಗಿದ್ದರೆ ನೀವೇ ಅಳೆಯಬೇಕು. ಹೊಸಬರು ಇಲ್ಲೊಂದು ಎಡವಟ್ಟು ಮಾಡುತ್ತಾರೆ. ರಿಮ್ಮಿನ ಹೊರ ಅಂಚಿನಿಂದ ಹೊರ ಅಂಚಿಗೆ ಟೇಪು ಹಿಡಿದು ಐದಿಂಚು ಎನ್ನುತ್ತಾರೆ. ರಿಮ್ಮಿನ ಅಗಲವೆಂದರೆ ಟೈರಿನ ಅಂಚು ಕೂರುವ ಜಾಗದ ಅಗಲ, ಅಂದರೆ ಎರಡು ಅಂಚುಗಳ ಒಳಗಿನ ಅಂತರ. ಹೊರಗಿಂದ ಹೊರಕ್ಕೆ ಅಳೆದರೆ ಸುಮಾರು ಒಂದಿಂಚು ಹೆಚ್ಚು ಬರುತ್ತದೆ. ಆ ಕಾಲದ ಸಣ್ಣ ಕಾರುಗಳ ರಿಮ್ಮು ಮೂರೂವರೆಯಿಂದ ನಾಲ್ಕೂವರೆ ಇಂಚಿನೊಳಗೆ ಇರುತ್ತಿತ್ತು.

ಸ್ಟೆಪ್ನಿ ಸೇರಿ ಐದೂ ಚಕ್ರಗಳನ್ನು ನೋಡಿ. ನಲವತ್ತು ವರ್ಷ ನಾಲ್ಕು ಕೈ ಬದಲಾದ ಕಾರಿನಲ್ಲಿ ಐದೂ ಒಂದೇ ಇರುತ್ತವೆಂದು ಹೇಳಲಾಗದು.

ಹಂತ 2: ಪಿಸಿಡಿ ಅಳೆಯಿರಿ, ಒಂದು ಮಿಲಿಮೀಟರಿಗೂ ಬೆಲೆಯಿದೆ

ಬೋಲ್ಟು ರಂಧ್ರಗಳ ನಡುಬಿಂದುಗಳನ್ನು ಸೇರಿಸಿ ಒಂದು ವೃತ್ತ ಎಳೆದರೆ, ಆ ವೃತ್ತದ ವ್ಯಾಸವೇ ಪಿಸಿಡಿ. ನಾಲ್ಕು ಬೋಲ್ಟಿನ ಚಕ್ರದಲ್ಲಿ ಎದುರುಬದುರು ಇರುವ ಎರಡು ರಂಧ್ರಗಳ ನಡುಬಿಂದುಗಳ ಅಂತರ ಅದು. ನಡುಬಿಂದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಸುಲಭ ಉಪಾಯವಿದೆ. ಎರಡೂ ರಂಧ್ರಗಳ ಹತ್ತಿರದ ಅಂಚುಗಳ ಅಂತರ ಅಳೆಯಿರಿ, ಆಮೇಲೆ ದೂರದ ಅಂಚುಗಳ ಅಂತರ ಅಳೆಯಿರಿ, ಕೂಡಿಸಿ ಎರಡರಿಂದ ಭಾಗಿಸಿ. ಹತ್ತಿರದ್ದು 84, ದೂರದ್ದು 112 ಬಂದರೆ ಪಿಸಿಡಿ 98 ಮಿಲಿಮೀಟರ್.

ಐದು ಬೋಲ್ಟಿನ ಕಾರಿನಲ್ಲಿ ಎದುರುಬದುರು ರಂಧ್ರಗಳಿಲ್ಲ. ಅಲ್ಲಿ ಪಕ್ಕಪಕ್ಕದ ಎರಡು ರಂಧ್ರಗಳ ನಡುಬಿಂದುಗಳ ಅಂತರವನ್ನು 0.588ರಿಂದ ಭಾಗಿಸಬೇಕು. ಹಳೆಯ ಜೀಪಿನಲ್ಲಿ ಹೀಗೆ ಅಳೆದರೆ ಪಕ್ಕದ ಅಂತರ ಸುಮಾರು 82.1 ಬರುತ್ತದೆ, ಪಿಸಿಡಿ 139.7.

ಈಗ ಪದ್ಮಿನಿಗೆ ಬರೋಣ. ಅದರ ಬೇರು ಇಟಲಿಯ ಫಿಯಟ್ 1100. ಫಿಯಟ್ ತನ್ನ ಹಲವು ಕಾರುಗಳಿಗೆ ದಶಕಗಟ್ಟಲೆ ಬಳಸಿದ ಅಳತೆ ನಾಲ್ಕು ಬೋಲ್ಟು, 98 ಮಿಲಿಮೀಟರ್. ಯೂನೊ, ಪಾಲಿಯೊಗಳಲ್ಲೂ ಅದೇ. ನಿಮ್ಮ ಕಾರಿನ ಹಬ್ಬನ್ನು ಹಿಂದಿನ ಮಾಲೀಕರು ಬದಲಿಸಿರಬಹುದು, ಹಾಗಾಗಿ ಅಳೆದೇ ಖಚಿತಪಡಿಸಿಕೊಳ್ಳಿ.

ಅಪಾಯ ಇರುವುದು 98ರ ಪಕ್ಕದಲ್ಲೇ ಕೂತಿರುವ 100ರಲ್ಲಿ. ಸ್ವಿಫ್ಟ್, ಸ್ಯಾಂಟ್ರೊ, ಇಂಡಿಕಾ ಮೂರಕ್ಕೂ ನಾಲ್ಕು ಬೋಲ್ಟು, 100 ಮಿಲಿಮೀಟರ್. ಗುಜರಿಯಲ್ಲಿ ರಾಶಿ ರಾಶಿ ಸಿಗುವುದು ಇವೇ. ತಂದು ಹಬ್ಬಿಗೆ ಹಿಡಿದರೆ ಬೋಲ್ಟುಗಳು ಒಳಗೆ ಹೋಗುತ್ತವೆ, ಸ್ಪ್ಯಾನರ್ ಹಾಕಿದರೆ ಬಿಗಿಯೂ ಆಗುತ್ತವೆ. ಆದರೆ ಪ್ರತಿ ಬೋಲ್ಟು ತನ್ನ ರಂಧ್ರದ ನಡುವಿನಿಂದ ಒಂದು ಮಿಲಿಮೀಟರ್ ಪಕ್ಕಕ್ಕಿರುತ್ತದೆ. ಬೋಲ್ಟಿನ ಕೋನಾಕಾರದ ತಲೆ ರಿಮ್ಮಿನ ಕೋನದೊಳಗೆ ಪೂರ್ತಿ ಕೂರದೆ ಒಂದು ಬದಿಗೆ ಮಾತ್ರ ಒತ್ತಿ ನಿಲ್ಲುತ್ತದೆ. ಓಡುವಾಗ ಆ ಬೋಲ್ಟು ಪ್ರತಿ ಸುತ್ತಿನಲ್ಲೂ ಬಾಗುತ್ತದೆ, ಸಡಿಲವಾಗುತ್ತದೆ, ಕೊನೆಗೆ ತುಂಡಾಗಬಹುದು. "ಎರಡು ಮಿಲಿಮೀಟರ್ ತಾನೇ, ರಂಧ್ರ ಸ್ವಲ್ಪ ಉಜ್ಜಿದರಾಯಿತು" ಎನ್ನುವ ಮೆಕ್ಯಾನಿಕ್ ಸಿಕ್ಕರೆ ನಮಸ್ಕಾರ ಹೇಳಿ ಬನ್ನಿ. ಎಸ್ಟೀಮಿನಂಥ ಹಳೆಯ ಮಾರುತಿಗಳದು 114.3; ಅದು ಹತ್ತಿರಕ್ಕೂ ಬಾರದ್ದರಿಂದ ಮೋಸ ಹೋಗುವ ಭಯವಿಲ್ಲ. ಮೋಸವಾಗುವುದು ಹತ್ತಿರ ಇರುವುದರಿಂದಲೇ.

ಹಂತ 3: ಮಧ್ಯದ ರಂಧ್ರ, ಬೋಲ್ಟು, ಅದರ ಕೂರುವಿಕೆ

ರಿಮ್ಮಿನ ನಡುವಿನ ದೊಡ್ಡ ರಂಧ್ರದ ವ್ಯಾಸವನ್ನೂ ಹಬ್ಬಿನ ಮುಂಚಾಚಿನ ವ್ಯಾಸವನ್ನೂ ಅಳೆದು ಬರೆದುಕೊಳ್ಳಿ. ಯೂನೊ, ಪಾಲಿಯೊ ಕಾಲದ ಫಿಯಟ್ ಚಕ್ರಗಳಲ್ಲಿ ಈ ರಂಧ್ರ 58.1 ಮಿಲಿಮೀಟರ್. ಹೊಸ ರಿಮ್ಮಿನ ರಂಧ್ರ ನಿಮ್ಮ ಹಬ್ಬಿಗಿಂತ ಚಿಕ್ಕದಾಗಿದ್ದರೆ ಅದು ಚಪ್ಪಟೆಯಾಗಿ ಕೂರುವುದೇ ಇಲ್ಲ. ದೊಡ್ಡದಾಗಿದ್ದರೆ ಚಕ್ರವನ್ನು ನಡುವಿಗೆ ತರುವ ಕೆಲಸ ಪೂರ್ತಿ ಬೋಲ್ಟುಗಳ ಕೋನದ ಮೇಲೆ ಬೀಳುತ್ತದೆ. ಆಗ ಕೋನಗಳು ಸವೆಯದೆ ಇರುವುದು ಮುಖ್ಯ.

ಬೋಲ್ಟಿನ ಮರೆ ನೋಡಿ. 12 ಮಿಲಿಮೀಟರ್ ದಪ್ಪದ ಬೋಲ್ಟುಗಳಲ್ಲೇ 1.25 ಮರೆಯವೂ ಇವೆ, 1.5 ಮರೆಯವೂ ಇವೆ. ಎರಡು ಸುತ್ತು ಕೈಯಲ್ಲಿ ತಿರುಗಿ ಮೂರನೇ ಸುತ್ತಿಗೆ ಬಿಗಿಯಾದರೆ ಬಲ ಹಾಕಬೇಡಿ, ಮರೆ ಬೇರೆ ಇದೆ ಎಂದರ್ಥ. ತಲೆಯ ಆಕಾರವೂ ಅಷ್ಟೇ ಮುಖ್ಯ. ಕೆಲವು ಕಂಪನಿಗಳದು ಕೋನ, ಕೆಲವದು ಗೋಳ. ಕೋನದ ರಂಧ್ರಕ್ಕೆ ಗೋಳದ ಬೋಲ್ಟು ಹಾಕಿದರೆ ಕೂದಲೆಳೆಯಷ್ಟು ಜಾಗದಲ್ಲಿ ಮಾತ್ರ ಹಿಡಿತ ಸಿಗುತ್ತದೆ.

ಹಂತ 4: ಆಫ್‌ಸೆಟ್ ಲೆಕ್ಕ

ಹೊಸಬರನ್ನು ಅತಿ ಹೆಚ್ಚು ಗೊಂದಲಕ್ಕೆ ಕೆಡಹುವುದು ಇದು. ರಿಮ್ಮಿನ ಅಗಲದ ನಟ್ಟನಡುವೆ ಒಂದು ಗೆರೆ ಇದೆ ಎಂದುಕೊಳ್ಳಿ. ಹಬ್ಬಿಗೆ ಅಂಟಿ ಕೂರುವ ಮೈ ಆ ಗೆರೆಯಿಂದ ಎಷ್ಟು ಮಿಲಿಮೀಟರ್ ಹೊರಗಡೆಗೆ, ಅಂದರೆ ರಸ್ತೆಯ ಬದಿಗೆ ಇದೆ ಎಂಬುದೇ ಆಫ್‌ಸೆಟ್. ಇದನ್ನು ರಿಮ್ಮಿನ ಮೇಲೆ "ಇಟಿ" ಎಂದು ಗುರುತಿಸುತ್ತಾರೆ. ಇಟಿ ಹೆಚ್ಚಿದಷ್ಟೂ ಚಕ್ರ ಕಾರಿನ ಒಳಕ್ಕೆ ಸರಿಯುತ್ತದೆ, ಕಡಿಮೆಯಾದಷ್ಟೂ ಹೊರಕ್ಕೆ ಬರುತ್ತದೆ.

ಅಳೆಯುವ ಕ್ರಮ: ಟೈರಿಲ್ಲದ ರಿಮ್ಮನ್ನು ಮುಖ ಕೆಳಗೆ ಮಾಡಿ ನೆಲದ ಮೇಲಿಡಿ. ಹಿಂಬದಿಯ ಅಂಚುಗಳ ಮೇಲೆ ನೇರ ಪಟ್ಟಿಯನ್ನು ಅಡ್ಡ ಇಡಿ. ಪಟ್ಟಿಯಿಂದ ಹಬ್ಬಿಗೆ ಕೂರುವ ಮೈವರೆಗೆ ಸ್ಕೇಲು ಇಳಿಸಿ ಅಳೆಯಿರಿ. ಇದು ಹಿಂಬದಿಯ ಆಳ. ಇದರಿಂದ ರಿಮ್ಮಿನ ಹೊರ ಅಳತೆಯ ಅರ್ಧ ಕಳೆದರೆ ಆಫ್‌ಸೆಟ್ ಸಿಕ್ಕಿತು.

ಉದಾಹರಣೆಗೆ 4ಜೆ ರಿಮ್ಮಿನ ಹೊರ ಅಳತೆ 126, ಅದರ ಅರ್ಧ 63, ಹಿಂಬದಿಯ ಆಳ 88 ಬಂತೆನ್ನಿ. ಇಟಿ 25. ಈಗ ಅದೇ ಇಟಿ 25 ಇರುವ 5ಜೆ ರಿಮ್ಮು ಹಾಕಿದರೆ ಹೆಚ್ಚಿದ ಒಂದಿಂಚು ಎರಡೂ ಕಡೆಗೆ ಸಮನಾಗಿ ಹಂಚಿಹೋಗುತ್ತದೆ: ಒಳಕ್ಕೆ 12.7, ಹೊರಕ್ಕೆ 12.7 ಮಿಲಿಮೀಟರ್. ಇಟಿ 20 ಇದ್ದರೆ ಒಳಕ್ಕೆ 7.7, ಹೊರಕ್ಕೆ 17.7. ಇಟಿ 40ರ 5ಜೆ ರಿಮ್ಮು ಹಾಕಿದರೆ ಒಳಗೆ 27.7 ಮಿಲಿಮೀಟರ್ ನುಗ್ಗುತ್ತದೆ, ಹೊರಗೆ ಮಾತ್ರ ಮೊದಲಿಗಿಂತ ಎರಡು ಮಿಲಿಮೀಟರ್ ಕಡಿಮೆ ಕಾಣುತ್ತದೆ.

ಮೂರನೆಯ ಲೆಕ್ಕವನ್ನು ನೆನಪಿಡಿ. ಇಂದಿನ ಮುಂಚಕ್ರ ಚಾಲನೆಯ ಕಾರುಗಳ ರಿಮ್ಮುಗಳು ಸಾಮಾನ್ಯವಾಗಿ ಹೆಚ್ಚು ಇಟಿಯವು. ಪದ್ಮಿನಿ ಹಿಂಚಕ್ರ ಚಾಲನೆಯ ಹಳೆಯ ವಿನ್ಯಾಸ. ಪಿಸಿಡಿ ಸರಿಯಿದ್ದರೂ ಹೊಸ ಕಾರಿನ ರಿಮ್ಮು ಒಳಗೆ ಕಮಾನ್ ಪಟ್ಟಿಗೆ ಉಜ್ಜುವುದು ಇದೇ ಕಾರಣಕ್ಕೆ.

ಇದಕ್ಕೆ ಪರಿಹಾರವೆಂದು ಅಂಗಡಿಯವರು ಸ್ಪೇಸರ್ ಕೊಡುತ್ತಾರೆ. ಹಬ್ಬಿಗೂ ರಿಮ್ಮಿಗೂ ನಡುವೆ ತಟ್ಟೆ ಸೇರಿಸಿದಷ್ಟೂ ಬೋಲ್ಟು ಮರೆಗೆ ಹಿಡಿಯುವ ಸುತ್ತು ಕಡಿಮೆಯಾಗುತ್ತದೆ. ಹೊಸಬರಿಗೆ ಅದು ಬೇಡ. ಸರಿಯಾದ ಇಟಿಯ ರಿಮ್ಮು ಸಿಗುವವರೆಗೆ ಕಾಯುವುದೇ ಮೇಲು.

ಹಂತ 5: ಕಾರಿನಲ್ಲಿ ಜಾಗ ಎಷ್ಟಿದೆ?

ರಿಮ್ಮಿಗಿಂತ ಟೈರಿನ ಹೊಟ್ಟೆ ಅಗಲ. ಹಾಗಾಗಿ ಉಜ್ಜುವುದು ರಿಮ್ಮಲ್ಲ, ಟೈರು. 5.20 ಎಂದರೆ 5.20 ಇಂಚು, 132 ಮಿಲಿಮೀಟರ್. ಅದರ ಜಾಗಕ್ಕೆ 165ರ ಟೈರು ಬಂದರೆ ಇಟಿ ಅದೇ ಇದ್ದರೂ ಒಳಗೊಂದು 16.5, ಹೊರಗೊಂದು 16.5 ಮಿಲಿಮೀಟರ್ ಬೇಕು. 175ಕ್ಕೆ 21.5, 185ಕ್ಕೆ 26.5. ಇಷ್ಟು ಜಾಗ ಇದೆಯೇ ಎಂದು ನೋಡಬೇಕು.

ಚಪಾತಿ ಹಿಟ್ಟು ಬೇಕಾಗುವುದು ಇಲ್ಲಿ. ಹಿಂದಿನ ಚಕ್ರದ ಒಳಬದಿಯಲ್ಲಿ, ಟೈರಿಗೆ ಎದುರಾಗಿರುವ ಕಮಾನ್ ಪಟ್ಟಿಯ ಮೈಯನ್ನು ಒರೆಸಿ, ನಿಂಬೆಗಾತ್ರದ ಹಿಟ್ಟಿನ ಉಂಡೆ ಅಂಟಿಸಿ. ಟೈರಿಗೆ ಹಿಟ್ಟು ಹಿಡಿಯದಂತೆ ಸ್ವಲ್ಪ ಎಣ್ಣೆ ಸವರಿ. ಚಕ್ರ ಹಾಕಿ, ಕಾರು ಇಳಿಸಿ, ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ ನಾಲ್ಕು ಸಲ ಅದುಮಿಸಿ. ಮತ್ತೆ ಬಿಚ್ಚಿದಾಗ ಒತ್ತಿಹೋದ ಹಿಟ್ಟಿನ ದಪ್ಪವೇ ಅಲ್ಲಿರುವ ಜಾಗ. ವರ್ನಿಯರಿನಲ್ಲಿ ಅಳೆದು ಬರೆದುಕೊಳ್ಳಿ. ಇದೇ ರೀತಿ ಮಡ್‌ಗಾರ್ಡಿನ ಒಳ ಅಂಚಿಗೂ ಮಾಡಿ. ಮುಂದಿನ ಚಕ್ರಗಳಲ್ಲಿ ಸ್ಟೇರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ಎರಡೂ ಕೊನೆಯಲ್ಲಿ ನೋಡಬೇಕು. ನೇರ ನಿಂತಾಗ ಎಲ್ಲೂ ತಾಗದ ಟೈರು ಪೂರ್ತಿ ತಿರುಗಿದಾಗ ಒಳಗೆ ಎಲ್ಲೋ ತಾಗಬಹುದು.

ಸಿಕ್ಕ ಜಾಗವನ್ನೆಲ್ಲ ಟೈರಿಗೆ ಕೊಡಬೇಡಿ. ತಿರುವಿನಲ್ಲಿ ಕಮಾನ್ ಪಟ್ಟಿಯ ಮೇಲಿನ ಆಕ್ಸಲ್ ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ. ಹಳೆಯ ಬುಷ್ ಇದ್ದರೆ ಇನ್ನೂ ಹೆಚ್ಚು. ಟೈರಿಗೂ ಕಬ್ಬಿಣಕ್ಕೂ ನಡುವೆ ಒಂದು ಬೆರಳು ಸಲೀಸಾಗಿ ಹೋಗುವಷ್ಟಾದರೂ ಉಳಿಯಲಿ.

ಹಂತ 6: ಅಗಲವನ್ನೂ ಟೈರನ್ನೂ ಒಟ್ಟಿಗೆ ನಿರ್ಧರಿಸಿ

ಮೂಲ ಟೈರಿನ ಎತ್ತರ ತಿಳಿಯಲು ಎತ್ತಿದ ಚಕ್ರದ ಟ್ರೆಡ್ಡಿನ ಸುತ್ತ ದಾರ ಸುತ್ತಿ, ದಾರವನ್ನು ಟೇಪಿನಲ್ಲಿ ಅಳೆದು 3.1416ರಿಂದ ಭಾಗಿಸಿ. ದಾರ 1,915 ಮಿಲಿಮೀಟರ್ ಬಂದರೆ ಎತ್ತರ ಸುಮಾರು 610. ಟ್ರೆಡ್ಡು ಸವೆದಿದ್ದರೆ ಸವೆತದ ಆಳವನ್ನು ಎರಡು ಪಟ್ಟು ಮಾಡಿ ಕೂಡಿಸಿ.

ರೇಡಿಯಲ್ ಟೈರಿನ ಎತ್ತರವನ್ನು ಅದರ ಸಂಖ್ಯೆಯಿಂದಲೇ ಲೆಕ್ಕ ಹಾಕಬಹುದು. 165/80 ಆರ್14 ಎಂದರೆ ಅಗಲ 165, ಪಕ್ಕದ ಗೋಡೆಯ ಎತ್ತರ ಅದರ ಶೇ. 80, ಅಂದರೆ 132. ಮೇಲೊಂದು ಕೆಳಗೊಂದು ಗೋಡೆ ಸೇರಿ 264, ಜೊತೆಗೆ 14 ಇಂಚಿನ ರಿಮ್ಮು 355.6. ಒಟ್ಟು 619.6. ಇದೇ ಲೆಕ್ಕದಲ್ಲಿ 175/70 ಆರ್14ರ ಎತ್ತರ 600.6, 185/70 ಆರ್14ರದು 614.6. ಮೂಲಕ್ಕಿಂತ ಶೇ. 2ರಷ್ಟು ಹೆಚ್ಚುಕಡಿಮೆ ಇದ್ದರೆ ಸ್ಪೀಡೋಮೀಟರಿನ ತಪ್ಪು ಗಮನಕ್ಕೆ ಬರುವಷ್ಟಿರುವುದಿಲ್ಲ. 165/80 ಆರ್14 ಮೊದಲ ಸ್ವಿಫ್ಟುಗಳಿಗೆ ಬರುತ್ತಿದ್ದ ಅಳತೆ, ಹಾಗಾಗಿ ಹುಡುಕಾಟ ಕಷ್ಟವಲ್ಲ.

ಪ್ರತಿ ಟೈರಿಗೂ ಅದಕ್ಕೊಪ್ಪುವ ರಿಮ್ಮಿನ ಅಗಲ ಗೊತ್ತುಮಾಡಿರುತ್ತಾರೆ. 165/80ಕ್ಕೆ 4.5 ಇಂಚು, 175/70ಕ್ಕೆ 5, 185/70ಕ್ಕೆ 5.5 ಆದರ್ಶ. ಅರ್ಧ ಇಂಚು ಆಚೀಚೆ ನಡೆಯುತ್ತದೆ. ಕೊಳ್ಳುವ ಮುನ್ನ ಆ ಟೈರು ಕಂಪನಿಯ ಪಟ್ಟಿಯನ್ನೊಮ್ಮೆ ನೋಡಿ.

ನನ್ನ ಸಲಹೆ: 14 ಇಂಚಿನ 5ಜೆ ರಿಮ್ಮು, ಅದರ ಮೇಲೆ 165/80 ಅಥವಾ 175/70. ಅಲ್ಲಿಗೆ ನಿಲ್ಲಿಸಿ. ಪದ್ಮಿನಿಗೆ ಪವರ್ ಸ್ಟೇರಿಂಗ್ ಇಲ್ಲ. 185 ಹಾಕಿ ಮಲ್ಲೇಶ್ವರದ ಅಡ್ಡರಸ್ತೆಯಲ್ಲಿ ಪಾರ್ಕಿಂಗ್ ಮಾಡಲು ಹೊರಟರೆ ತೋಳು ಹೇಳುತ್ತದೆ. ಚಕ್ರ ಹೊರಕ್ಕೆ ಬಂದಷ್ಟೂ ವೀಲ್ ಬೇರಿಂಗ್ ಮೇಲೂ ಕಿಂಗ್‌ಪಿನ್ ಮೇಲೂ ಹೊರೆ ಹೆಚ್ಚು.

ಹಂತ 7: ಎಲ್ಲಿ ಹುಡುಕಬೇಕು?

ಐದು ಸಂಖ್ಯೆಗಳ ಚೀಟಿ ಜೇಬಿನಲ್ಲಿರಲಿ. ಬೆಂಗಳೂರಿನಲ್ಲಾದರೆ ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಹಳೆಯ ಸಾಮಾನಿಗೆ ಶಿವಾಜಿನಗರದ ಗುಜರಿ ಸಾಲು. ಹೊರಗೆ ಹೋಗುವುದಾದರೆ ಚೆನ್ನೈಯ ಪುದುಪೇಟೆ, ಕೊಯಮತ್ತೂರಿನ ಉಕ್ಕಡಂ, ಮುಂಬೈಯ ಕುರ್ಲಾ. ಪದ್ಮಿನಿ ತಯಾರಾಗುತ್ತಿದ್ದದ್ದೇ ಕುರ್ಲಾದಲ್ಲಿ. ದಶಕಗಟ್ಟಲೆ ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಯೆಂದರೆ ಇದೇ ಕಾರು. ಹಾಗಾಗಿ ಇದರ ಭಾಗಗಳ ಪರಿಚಯ ಅಲ್ಲಿನವರಿಗೆ ಚೆನ್ನಾಗಿದೆ.

ಯಾವ ಕಾರಿನ ರಿಮ್ಮು ಕೇಳಬೇಕು? ಮೊದಲು ಅದೇ ಮನೆತನದ್ದು. 1985ರಲ್ಲಿ ಬಂದ ಪ್ರೀಮಿಯರ್ 118ಎನ್‌ಇ ಫಿಯಟ್ 124ರ ಸಂತತಿ. ಅದೂ ಹಿಂಚಕ್ರ ಚಾಲನೆಯ ಕಾರು, ಪಿಸಿಡಿ 98. ಆಫ್‌ಸೆಟ್ಟಿನಲ್ಲಿ ಯೂನೊ, ಪಾಲಿಯೊಗಳಿಗಿಂತ ಇದು ಹತ್ತಿರದ ನೆಂಟ. ತೊಡಕೆಂದರೆ ವ್ಯಾಸ 13 ಇಂಚು. 165/80 ಆರ್13 ಹಾಕಿದರೆ ಎತ್ತರ 594. ಕಾರು ತುಸು ತಗ್ಗುತ್ತದೆ, ಹಂಪಿನಲ್ಲಿ ಹೊಟ್ಟೆ ತಾಗುವ ಭಯ ಹೆಚ್ಚುತ್ತದೆ. ಪದ್ಮಿನಿಯ ಬ್ರೇಕ್ ಡ್ರಮ್ಮು 13 ಇಂಚಿನ ರಿಮ್ಮಿನೊಳಗೆ ಸುತ್ತಲೂ ಸಡಿಲವಾಗಿ ತಿರುಗುತ್ತದೆಯೇ ಎಂದು ಟೈರು ಹಾಕುವ ಮೊದಲೇ ನೋಡಬೇಕು.

ಗುಜರಿಯಷ್ಟೇ ಉಪಯುಕ್ತ ಇನ್ನೊಂದು ದಾರಿ ಹಳೆಯ ಕಾರಿನವರ ಸಂಘಗಳು. ಭಾನುವಾರದ ಕೂಟಕ್ಕೆ ಹೋಗಿ, ಅಗಲದ ಚಕ್ರ ಹಾಕಿದ ಪದ್ಮಿನಿ ಕಂಡರೆ ಮಾಲೀಕರನ್ನು ಕೇಳಿ: ರಿಮ್ಮು ಯಾವ ಕಾರಿನದು, ಟೈರು ಯಾವುದು, ಎಲ್ಲಿ ತಾಗುತ್ತದೆ? ಮೂರನೇ ಪ್ರಶ್ನೆಗೆ ಸಿಗುವ ಉತ್ತರವೇ ಬೆಲೆಬಾಳುವಂಥದ್ದು.

ಕೊಂಡರೆ ಐದನ್ನೂ ಒಟ್ಟಿಗೆ ಕೊಳ್ಳಿ. ನಾಲ್ಕು ಅಗಲದ್ದು, ಸ್ಟೆಪ್ನಿ ಮಾತ್ರ ಹಳೆಯದು ಎಂದಾದರೆ ಪಂಕ್ಚರ್ ಆದ ದಿನ ಒಂದು ಕಡೆ ಕ್ರಾಸ್‌ಪ್ಲೈ, ಇನ್ನೊಂದು ಕಡೆ ರೇಡಿಯಲ್ ಓಡುತ್ತದೆ. ಒಂದೇ ಆಕ್ಸಲ್ಲಿನ ಮೇಲೆ ಇವೆರಡನ್ನು ಬೆರೆಸಲೇಬಾರದು.

ಹಂತ 8: ಹಳೆಯ ರಿಮ್ಮನ್ನು ಪರೀಕ್ಷಿಸುವ ಬಗೆ

ಬಣ್ಣ ಹೊಡೆದು ಹೊಳೆಯುವ ರಿಮ್ಮಿಗಿಂತ ತುಕ್ಕು ಕಾಣುವ ರಿಮ್ಮೇ ವಾಸಿ. ಬಣ್ಣದ ಕೆಳಗೆ ಏನಿದೆಯೋ ಯಾರಿಗೆ ಗೊತ್ತು?

ಮೊದಲು ಬೋಲ್ಟು ರಂಧ್ರಗಳು. ದುಂಡಗಿವೆಯೋ, ಮೊಟ್ಟೆಯಾಕಾರಕ್ಕೆ ತಿರುಗಿವೆಯೋ? ಮೊಟ್ಟೆಯಾಗಿದ್ದರೆ ಆ ಚಕ್ರ ಸಡಿಲ ಬೋಲ್ಟಿನಲ್ಲಿ ಓಡಿದೆ, ಬಿಡಿ. ಆಮೇಲೆ ನಡುವಿನ ತಟ್ಟೆ ಹೊರ ಉಂಗುರಕ್ಕೆ ಸೇರುವ ಬೆಸುಗೆ. ಅಲ್ಲಿ ಪದರ ಪದರವಾಗಿ ತುಕ್ಕು ಎದ್ದಿದ್ದರೆ ಅದೂ ಬೇಡ.

ಬಿರುಕು ಪತ್ತೆಗೆ ವರ್ಕ್‌ಶಾಪಿನ ಹಳೆಯ ಪದ್ಧತಿ ಇದೆ. ಬೋಲ್ಟು ರಂಧ್ರಗಳ ಸುತ್ತ, ಗಾಳಿಕಂಡಿಗಳ ಅಂಚಿನಲ್ಲಿ ಬಣ್ಣ ಕೆರೆದು ಸೀಮೆಎಣ್ಣೆ ಸವರಿ. ಹತ್ತು ನಿಮಿಷ ಬಿಟ್ಟು ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಸೀಮೆಸುಣ್ಣ ಉಜ್ಜಿ. ಬಿರುಕಿದ್ದರೆ ಅದರೊಳಗೆ ಇಳಿದಿದ್ದ ಎಣ್ಣೆ ಮೆಲ್ಲಗೆ ಜಿನುಗಿ ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಆ ಗೆರೆ ಕಂಡ ರಿಮ್ಮಿಗೆ ವೆಲ್ಡಿಂಗ್ ಮಾಡಿಸುವ ಯೋಚನೆಯೇ ಬೇಡ.

ಕೊನೆಗೆ ಓಲಾಟ. ಟೈರು ಅಂಗಡಿಯ ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಬರಿ ರಿಮ್ಮನ್ನು ತಿರುಗಿಸಿ, ಅಂಚಿನ ಪಕ್ಕ ಒಂದು ಪೆನ್ಸಿಲನ್ನು ಅಲುಗದಂತೆ ಹಿಡಿಯಿರಿ. ಪೆನ್ಸಿಲಿಗೂ ಅಂಚಿಗೂ ನಡುವಿನ ಸಂದು ಒಂದು ಮಿಲಿಮೀಟರಿನ ಆಸುಪಾಸು ಬದಲಾದರೆ ಸರಿ. ಅದಕ್ಕಿಂತ ಹೆಚ್ಚು ಕುಣಿದರೆ ಬೆಂಡ್ ತೆಗೆಸಿದ ಮೇಲೂ ಸರಿಹೋಗುತ್ತದೆಂಬ ನಂಬಿಕೆ ಕಡಿಮೆ.

ಹಂತ 9: ಇರುವ ರಿಮ್ಮನ್ನೇ ಅಗಲ ಮಾಡಿಸಬಹುದೇ?

ಮಾಡಿಸಬಹುದು, ಮಾಡುವವರೂ ಇದ್ದಾರೆ. ಎರಡು ದಾರಿ. ಒಂದು, ರಿಮ್ಮಿನ ಉಂಗುರವನ್ನು ಲೇತಿನಲ್ಲಿ ಉದ್ದಕ್ಕೆ ಸೀಳಿ ನಡುವೆ ಒಂದಿಂಚಿನ ಉಕ್ಕಿನ ಪಟ್ಟಿ ಸೇರಿಸಿ ಬೆಸೆಯುವುದು. ಇನ್ನೊಂದು, ನಿಮ್ಮ ಹಳೆಯ ಚಕ್ರದ ನಡುವಿನ ತಟ್ಟೆಯನ್ನು ಬಿಡಿಸಿ, ಕಾರ್ಖಾನೆಯಲ್ಲೇ ತಯಾರಾದ ಅಗಲದ ಉಂಗುರಕ್ಕೆ ಕೂರಿಸುವುದು. ಎರಡನೆಯದು ಮೇಲು. ಗಾಳಿ ಹಿಡಿಯುವ ಉಂಗುರಕ್ಕೆ ಸುತ್ತಲೂ ಹೊಸ ಬೆಸುಗೆ ಬೀಳುವುದಿಲ್ಲ, ಟೈರು ಕೂರುವ ಅಂಚು ಕಾರ್ಖಾನೆಯ ಆಕಾರದಲ್ಲೇ ಉಳಿಯುತ್ತದೆ. ತಟ್ಟೆಯನ್ನು ಎಷ್ಟು ಒಳಗೆ, ಎಷ್ಟು ಹೊರಗೆ ಇಡಬೇಕೆಂದು ನೀವೇ ಹೇಳಬಹುದಾದ್ದರಿಂದ ಬೇಕಾದ ಇಟಿಯೂ ಸಿಗುತ್ತದೆ.

ಕೊಡುವ ಮುನ್ನ ಮೂರು ಪ್ರಶ್ನೆ ಕೇಳಿ. ಬೆಸೆಯುವಾಗ ರಿಮ್ಮನ್ನು ಜಿಗ್ಗಿನಲ್ಲಿ ಹಿಡಿಯುತ್ತೀರಾ? ಸಿಓ2 ವೆಲ್ಡಿಂಗ್ ಮಾಡುತ್ತೀರಾ, ಇಲ್ಲ ಗ್ಯಾಸಿನಲ್ಲಾ? ಮುಗಿದ ಮೇಲೆ ಡಯಲ್ ಗೇಜ್ ಇಟ್ಟು ಓಲಾಟ ತೋರಿಸುತ್ತೀರಾ? ಮೂರರಲ್ಲಿ ಒಂದಕ್ಕೆ ನಕ್ಕು ಸುಮ್ಮನಾದರೂ ರಿಮ್ಮನ್ನು ವಾಪಸ್ ಕಾರಿಗೆ ಹಾಕಿಕೊಂಡು ಬನ್ನಿ.

ಪ್ರಯಾಣಿಕರ ಕಾರುಗಳ ಚಕ್ರಗಳಿಗೆಂದೇ ಐಎಸ್ 9436 ಎಂಬ ಭಾರತೀಯ ಮಾನದಂಡವಿದೆ. ಮಾದರಿ ಚಕ್ರಗಳನ್ನು ಯಂತ್ರದಲ್ಲಿ ಬಾಗಿಸಿ, ತಿರುಗಿಸಿ, ದಣಿಸಿ ನೋಡಿದ ಮೇಲೆ ಕಾರ್ಖಾನೆಯ ರಿಮ್ಮು ಪೇಟೆಗೆ ಬರುತ್ತದೆ. ಗಲ್ಲಿಯಲ್ಲಿ ಬೆಸೆದ ರಿಮ್ಮಿಗೆ ಆ ಪರೀಕ್ಷೆಯಿಲ್ಲ. ಮೊದಲ ಸಲ ಈ ಕೆಲಸಕ್ಕೆ ಕೈ ಹಾಕುವವರು ಕಾರ್ಖಾನೆಯ ರಿಮ್ಮನ್ನೇ ಹುಡುಕಲಿ ಎಂದು ಹೇಳುವುದು ಅದಕ್ಕೇ.

ಹಂತ 10: ಕೂರಿಸುವುದು

ಐದೂ ರಿಮ್ಮುಗಳಿಗೆ ಟೈರು ಹಾಕಿಸುವ ಆತುರ ಬೇಡ. ಒಂದು ಬರಿ ರಿಮ್ಮನ್ನು ತಂದು ನಾಲ್ಕೂ ಹಬ್ಬಿಗೆ ಒಂದೊಂದಾಗಿ ಹಾಕಿ, ಕೈಯಲ್ಲಿ ತಿರುಗಿಸಿ. ಡ್ರಮ್ಮಿಗೆ ತಾಗದೆ ಸಲೀಸಾಗಿ ತಿರುಗಬೇಕು. ಆಮೇಲೆ ಅದೊಂದಕ್ಕೆ ಟೈರು ಹಾಕಿಸಿ ಹಿಟ್ಟಿನ ಪರೀಕ್ಷೆ ಇನ್ನೊಮ್ಮೆ ಮಾಡಿ. ಪಾಸಾದರೆ ಉಳಿದವು.

ಮರಳು ಸಿಡಿಸಿ ತುಕ್ಕು ತೆಗೆಸಿ, ಪೌಡರ್ ಕೋಟಿಂಗ್ ಮಾಡಿಸುವುದಾದರೆ ಹಬ್ಬಿಗೆ ಕೂರುವ ಮೈಗೂ ಬೋಲ್ಟಿನ ಕೋನಗಳಿಗೂ ದಪ್ಪ ಬಣ್ಣ ಬೇಡವೆಂದು ಮೊದಲೇ ಹೇಳಿ. ಅಲ್ಲಿ ಬಣ್ಣ ದಪ್ಪವಿದ್ದರೆ ಓಡಿದ ಹಾಗೆ ಅದು ಕುಸಿದು ಬೋಲ್ಟು ಸಡಿಲವಾಗುತ್ತದೆ.

ಹಳೆಯ ಮಾದರಿಯ ರಿಮ್ಮುಗಳಲ್ಲಿ ಟೈರಿನ ಅಂಚು ಒಳಕ್ಕೆ ಜಾರದಂತೆ ತಡೆಯುವ ಉಬ್ಬು ಇರುವುದಿಲ್ಲ. ಅಂಥ ರಿಮ್ಮಿಗೆ ಟ್ಯೂಬ್ ಹಾಕಿಯೇ ಓಡಿಸಬೇಕು, ಅದೂ ರೇಡಿಯಲ್ಲಿಗೆಂದೇ ಮಾಡಿದ ಟ್ಯೂಬು.

ಬೋಲ್ಟುಗಳನ್ನು ಮೊದಲು ಕೈಯಲ್ಲಿ, ಆಮೇಲೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಕಾರು ಇಳಿಸಿದ ಮೇಲೆ ಟಾರ್ಕ್ ರೆಂಚಿನಲ್ಲಿ ಕಾರಿನ ಕೈಪಿಡಿ ಹೇಳಿದಷ್ಟು ಬಿಗಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಲೇಬೇಕು. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಅದೇ ವಾರ ಮಾಡಿಸಿ. ಗಾಳಿಯ ಒತ್ತಡಕ್ಕೆ ಕ್ರಾಸ್‌ಪ್ಲೈ ಕಾಲದ ಸಂಖ್ಯೆ ಹಿಡಿಯಬೇಡಿ. ಹೊಸ ಟೈರಿಗೂ ಕಾರಿನ ತೂಕಕ್ಕೂ ಹೊಂದುವಷ್ಟನ್ನು ಟೈರು ಅಂಗಡಿಯವರಿಂದ ಗೊತ್ತುಮಾಡಿಕೊಳ್ಳಿ.

ಮೊದಲ ಓಟ ಖಾಲಿ ರಸ್ತೆಯಲ್ಲಿರಲಿ. ಗುಂಡಿಯಲ್ಲಿ "ಸರ್" ಎಂಬ ಸದ್ದು ಬಂದರೆ ನಿಲ್ಲಿಸಿ ಮಡ್‌ಗಾರ್ಡಿನ ಒಳಗೆ ಕೈಯಾಡಿಸಿ. ಉಜ್ಜಿದ ಜಾಗದಲ್ಲಿ ಕಬ್ಬಿಣ ಹೊಳೆಯುತ್ತಿರುತ್ತದೆ.

ಹಂತ 11: ಕಾಗದಪತ್ರ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ವಾಹನದ ಮಾರ್ಪಾಟಿಗೆ ಸಂಬಂಧಿಸಿದ್ದು. ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಮಡ್‌ಗಾರ್ಡಿನಿಂದ ಹೊರಗೆ ಇಣುಕುವ ಟೈರು ರಸ್ತೆಯಲ್ಲಿ ಮೊದಲು ಕಣ್ಣಿಗೆ ಬೀಳುತ್ತದೆ, ಅಪಘಾತವಾದರೆ ವಿಮಾ ಕಂಪನಿಯ ಕಣ್ಣಿಗೂ ಬೀಳುತ್ತದೆ. ಆದ್ದರಿಂದ ಚಕ್ರ ಮಡ್‌ಗಾರ್ಡಿನ ಒಳಗೇ ಇರಲಿ, ಎತ್ತರ ಮೂಲದ ಹತ್ತಿರವೇ ಇರಲಿ. ಕೆಲಸ ಶುರುಮಾಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ.

ಇನ್ನೊಂದು ಮಾತು. 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರಿಗೆ "ವಿಎ" ಅಕ್ಷರಗಳ ವಿಂಟೇಜ್ ನೋಂದಣಿ ಪಡೆಯಬಹುದು. ಆದರೆ ಕಾರು ಮೂಲ ರೂಪದಲ್ಲೇ ಇರಬೇಕು. 1970ರ ದಶಕದ ಮೊದಲ ಪದ್ಮಿನಿಗಳು ಈಗ ಆ ವಯಸ್ಸಿಗೆ ಬರುತ್ತಿವೆ. ಅಗಲದ ರಿಮ್ಮು ಸಿಕ್ಕ ಖುಷಿಯಲ್ಲಿ ಹಳೆಯ ಐದು ರಿಮ್ಮುಗಳನ್ನು ಗುಜರಿಗೆ ಹಾಕಬೇಡಿ. ರೆಡ್ ಆಕ್ಸೈಡ್ ಬಳಿದು, ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಡಿ. ಅಗಲದ ರಿಮ್ಮು ಇನ್ನೊಮ್ಮೆ ಹುಡುಕಿದರೆ ಸಿಗಬಹುದು. ಕಾರಿನ ಜೊತೆ ಕಾರ್ಖಾನೆಯಿಂದ ಬಂದ ಐದು ರಿಮ್ಮು ಒಮ್ಮೆ ಕೈಬಿಟ್ಟರೆ ಮತ್ತೆ ಸಿಗುವುದಿಲ್ಲ.